ಹೂಗಾರ ಸಾಹೇಬರ ಊರುಗೋಲು

ನಾನು ಒಂದು ಊರುಗೋಲು. ಜಾಲಿ ಮರದವನು. ಎತ್ತಿನ ಗಾಡಿಯ ನೊಗ ಆಗಬೇಕಿದ್ದ ಕಟ್ಟಿಗೆ ನನ್ನದು. ಬಡಿಗೇರ ಮೌನೇಶಪ್ಪ ನನ್ನನ್ನು ಸೀಳಿ, ತಲೆಗೊಂದು ಅಡ್ಡಪಟ್ಟಿ ಕೂಡಿಸಿ, ಕಾಲಿಗೆ ಹಳೇ ಟೈರಿನ ತುಂಡು ಹೊಡೆದ. "ಗಾಡಿ ಮುರೀಬಹುದು, ಇದು ಮುರಿಯಂಗಿಲ್ಲ" ಅಂದ. ಅವನ ಬಾಯಿಗೆ ಸಕ್ಕರೆ ಹಾಕಬೇಕು ಅನಿಸಿತ್ತು ಅವತ್ತು. ಮುಂದೆ ಏನೇನು ನೋಡಬೇಕಾಗುತ್ತದೆ ಎಂದು ನನಗೇನು ಗೊತ್ತಿತ್ತು?

ನನ್ನನ್ನು ಕಂಕುಳಿಗೆ ಇಟ್ಟುಕೊಂಡವರು ಗುರುಸಿದ್ದಪ್ಪ ಹೂಗಾರ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗಾಲು ಬತ್ತಿತ್ತು. ಬಸ್‌ಸ್ಟ್ಯಾಂಡ್ ಎದುರು ಹೂವಿನ ಅಂಗಡಿ. ಮಾಲೆ ಕಟ್ಟುತ್ತ ಕಟ್ಟುತ್ತಲೇ ಅರ್ಧ ಊರಿನ ಜಗಳ ಬಗೆಹರಿಸುತ್ತಿದ್ದರು. ಬಾಯಿ ಅಂದರೆ ಬಾಯಿ! ಅವರ ಹೆಂಡತಿ ನೀಲವ್ವ ತನ್ನ ಹಳೇ ಇಳಕಲ್ ಸೀರೆ ಹರಿದು ನನ್ನ ತಲೆಗೆ ಸುತ್ತಿದಳು, ಗಂಡನ ಕಂಕುಳು ಹುಣ್ಣಾಗದಿರಲಿ ಎಂದು. ಆ ಮನೆಯಲ್ಲಿ ನನ್ನನ್ನು ಮನೆಯವನ ಹಾಗೆ ನೋಡಿದವಳು ಅವಳೊಬ್ಬಳೇ.

ನೀಲವ್ವನ ಚೊಚ್ಚಲ ಕೂಸು ಜಿಲ್ಲಾ ಆಸ್ಪತ್ರೆಯ ದಾರಿಯಲ್ಲಿ, ಟೆಂಪೋದೊಳಗೇ ತೀರಿಹೋಯಿತು. ನಮ್ಮೂರಿಗೇ ಒಂದು ದೊಡ್ಡ ಆಸ್ಪತ್ರೆ ಬರಬೇಕು ಎಂದು ಹಟ ಹಿಡಿದು ಹೂಗಾರರು ಎಲೆಕ್ಷನ್ನಿಗೆ ನಿಂತರು. ನಾವಿಬ್ಬರೂ ಓಣಿ ಓಣಿ ಸುತ್ತಿದೆವು. ಹೂಗಾರ ಜಾತಿಯ ಮನೆಗಳೋ ಬೆರಳೆಣಿಕೆಯಷ್ಟು, ಓಟು ಹಾಕುವವರು ಯಾರು? ಆಸ್ಪತ್ರೆಯ ಮಾತು ತೆಗೆದರೆ ಜನ ಆಕಳಿಸುತ್ತಿದ್ದರು.

ಕೊನೆಯ ಸಭೆಯಲ್ಲಿ ವೇದಿಕೆಯ ಹಲಗೆಗಳ ಸಂದಿಗೆ ನಾನು ಸಿಕ್ಕಿಕೊಂಡೆ. ಅವರು ಮೈಕಿನ ಸಮೇತ ಬಿದ್ದರು. ಗದ್ದ ಒಡೆದು ಅಂಗಿಯೆಲ್ಲ ರಕ್ತ. ಹೆಂಗಸರ ಕಡೆಯಿಂದ "ಅಯ್ಯ ನಮ್ಮಪ್ಪಾ!" ಎಂಬ ಅಳು ಎದ್ದಿತು. ಆ ಎಲೆಕ್ಷನ್ ಗೆದ್ದೇಬಿಟ್ಟರು.

"ನನ್ನ ಮಾತು ಕೇಳಿ ಓಟು ಹಾಕ್ಲಿಲ್ಲ ನೀಲಾ, ನಾ ಬಿದ್ದದ್ದು ನೋಡಿ ಹಾಕಿದ್ರು" ಎಂದು ಹಾರಗಳ ನಡುವೆ ಕೂತು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಮುಂದಿನ ಎಲೆಕ್ಷನ್ ಬಂತು. ಪ್ರಚಾರ ನೋಡಿಕೊಳ್ಳುತ್ತಿದ್ದ ಸಂಗನಗೌಡ ಕಿವಿ ಹತ್ತಿರ ಬಂದು, "ಸಾಹೇಬ್ರ, ಕಡೀ ಸಭಾದಾಗ ಒಮ್ಮಿ ಬಿದ್ದುಬಿಡ್ರಿ, ಮತ್ತೇನೂ ಬ್ಯಾಡ" ಅಂದ. ಸಾಹೇಬರು ಸಿಟ್ಟಿನಿಂದ ಅವನ ಮೇಲೆ ನನ್ನನ್ನೇ ಎತ್ತಿದರು. ನಾನೂ ತಯಾರಿದ್ದೆ, ನಿಜ ಹೇಳುತ್ತೇನೆ! ಆದರೆ ಆಸ್ಪತ್ರೆಯ ಕೆಲಸ ಪಾಯದಲ್ಲೇ ನಿಂತಿತ್ತು. ಇವರು ಸೋತರೆ ಅದು ದನ ಕಟ್ಟುವ ಜಾಗ ಆಗುತ್ತಿತ್ತು. ಎತ್ತಿದ ಕೈ ಮೆಲ್ಲಗೆ ಇಳಿಯಿತು.

ಆಮೇಲೆ ಅದೇ ಪದ್ಧತಿ ಆಯಿತು. ಕೊನೆಯ ಸಭೆ, ಕೊನೆಯ ಮಾತು, ನನ್ನನ್ನು ಅಡ್ಡ ಜಾರಿಸುವುದು, ಬೀಳುವುದು. ಸಂಗನಗೌಡ ಕಾರ್ಯಕರ್ತರಿಗೆ ತಾಕೀತು ಮಾಡಿದ್ದ: "ಸಾಹೇಬ್ರು ತಾವಾಗಿ ಕೈ ಎತ್ತೂತನಕ ಯಾರೂ ಹತ್ರ ಹೋಗಬ್ಯಾಡ್ರಿ. ಜನ ಕಣ್ತುಂಬ ನೋಡ್ಲಿ." ಬಿದ್ದ ಸಾಹೇಬರು ನಿಧಾನಕ್ಕೆ ಒಂದು ಕೈ ಎತ್ತುವರು. ಆಗ ಎಲ್ಲರೂ ಓಡಿಬಂದು ಎಬ್ಬಿಸಿ ನಿಲ್ಲಿಸುವರು. ಜಯಕಾರವೋ ಜಯಕಾರ.

ನೀಲವ್ವ ಮಾತ್ರ ಆ ಸಭೆಗಳಿಗೆ ಬರುತ್ತಿರಲಿಲ್ಲ. "ಒಂದಿನ ಖರೇನ ಬೀಳ್ತೀರಿ" ಅಂದಳು ಒಮ್ಮೆ, ನನ್ನ ತಲೆಗೆ ಹೊಸ ಬಟ್ಟೆ ಸುತ್ತುತ್ತ. "ಅವತ್ತು ಯಾರು ಬರ್ತಾರ?" ಸಾಹೇಬರು ಪೇಪರಿನ ಪುಟ ತಿರುವಿದರು.

ಆಸ್ಪತ್ರೆ ಕಟ್ಟಿಸಿದರು, ಅದನ್ನು ಯಾರೂ ಇಲ್ಲ ಅನ್ನುವಂತಿಲ್ಲ. ಹೆರಿಗೆಗೆ ಟೆಂಪೋ ಹತ್ತುವುದು ತಪ್ಪಿತು. ಒಮ್ಮೊಮ್ಮೆ ಸಾಹೇಬರು ಹೆರಿಗೆ ವಾರ್ಡಿನ ಹೊರಗೆ ನನ್ನ ಮೇಲೆ ಭಾರ ಬಿಟ್ಟು, ಕೂಸುಗಳ ಅಳು ಕೇಳುತ್ತ ಸುಮ್ಮನೆ ನಿಲ್ಲುತ್ತಿದ್ದರು. ಆಗೆಲ್ಲ ಅವರ ಮೇಲೆ ಎಷ್ಟು ಪ್ರೀತಿ ಬರುತ್ತಿತ್ತು ನನಗೆ!

ಕೊನೆಯ ಎಲೆಕ್ಷನ್ನಿನ ಕೊನೆಯ ಸಭೆ ಆ ಆಸ್ಪತ್ರೆಯ ಎದುರಿನ ಮೈದಾನದಲ್ಲೇ ಇತ್ತು. ರಣಬಿಸಿಲು. ಆದರೂ ನನ್ನ ಹಿಡಿಯ ಮೇಲಿದ್ದ ಅವರ ಕೈ ಬೆಳಗಿನಿಂದ ತಣ್ಣಗೆ ಬೆವರುತ್ತಿತ್ತು. ಎದೆ ನೀವಿಕೊಳ್ಳುತ್ತ ವೇದಿಕೆ ಹತ್ತಿದರು. ಬೇಡ, ಮನೆಗೆ ಹೋಗೋಣ ಎಂದು ನಾನು ಒಳಗೊಳಗೇ ಬಡಕೊಂಡೆ. ಭಾಷಣ ಅರ್ಧವೂ ಆಗಿರಲಿಲ್ಲ, ಅವರ ಪೂರ್ತಿ ಭಾರ ನನ್ನ ಮೇಲೆ ಬಂತು. ಹಲ್ಲು ಕಚ್ಚಿ ನಿಂತೆ. ನಾನು ಜಾರಲಿಲ್ಲ, ಮುರಿಯಲಿಲ್ಲ. ಅವರ ಕೈಯೇ ನನ್ನನ್ನು ಬಿಟ್ಟಿತು.

ಜನ ಅಳತೊಡಗಿದರು. ಒಬ್ಬ ಕಾರ್ಯಕರ್ತ ಮುಂದೆ ಬಂದ. ಸಂಗನಗೌಡ ಅವನ ಅಂಗಿ ಹಿಡಿದು ಜಗ್ಗಿದ. "ಇವತ್ತು ಲಗೂನ ಬಿದ್ದಾರ. ತಡಿ, ಇನ್ನೂ ಕೈ ಎತ್ತಿಲ್ಲ." ನಾನು ಅವರ ಪಕ್ಕದಲ್ಲೇ ಬಿದ್ದಿದ್ದೆ. ಬರ್ರೋ, ಲಗೂ ಬರ್ರೋ ಎಂದು ಕೂಗೋಣವೆಂದರೆ ಕಟ್ಟಿಗೆಗೆ ಬಾಯಿ ಎಲ್ಲಿದೆ? ಅವರ ಬೆರಳುಗಳು ಹಲಗೆಯ ಮೇಲೆ ತಡವರಿಸಿ ನನ್ನನ್ನು ಮುಟ್ಟಿದವು. ಹಾಗೇ ನಿಂತುಹೋದವು. ಕೆಳಗೆ ಜಯಕಾರ ಶುರುವಾಗಿತ್ತು.

ಎಲ್ಲರೂ ಕೈ ಏಳುವುದನ್ನೇ ಕಾದರು. ಕಡೆಗೆ ಯಾರಿಗೋ ಅನುಮಾನ ಬಂದು, ಹೊತ್ತುಕೊಂಡು ಓಡಿದರು. ಮೈದಾನ ದಾಟಿದರೆ ಅವರೇ ಕಟ್ಟಿಸಿದ ಆಸ್ಪತ್ರೆ. "ಬಿದ್ದ ಕೂಡಲೇ ಯಾಕ ತರಲಿಲ್ಲ?" ಎಂದು ಡಾಕ್ಟರಮ್ಮ ಕೇಳಿದರಂತೆ.

ಈಗ ನಾನು ನೀಲವ್ವನ ಮನೆಯ ಬಾಗಿಲ ಹಿಂದೆ ಇದ್ದೇನೆ. ಕಾಲಿನ ಟೈರು ಸವೆದಿದೆ, ಮೈಯಲ್ಲಿ ಸಣ್ಣ ಸೀಳು ಬಿಟ್ಟಿದೆ. ಮೊನ್ನೆ ಸಂಗನಗೌಡ ಬಂದಿದ್ದ. ಸಾಹೇಬರ ಜಾಗಕ್ಕೆ ಈಗ ಅವನೇ ನಿಂತಿದ್ದಾನೆ. "ಅಕ್ಕಾರ, ಸಾಹೇಬ್ರ ಕೋಲು ವೇದಿಕಿ ಮ್ಯಾಲ ಇಟ್ರ ಸಾಕು, ಜನ ಅಳ್ತಾರ" ಅಂದ.

ನೀಲವ್ವ ನನ್ನನ್ನು ಕೈಗೆ ತೆಗೆದುಕೊಂಡಳು. ಕೊಟ್ಟೇಬಿಡುತ್ತಾಳೇನೋ ಎಂದು ನನ್ನ ಜೀವ ಹಾರಿಹೋಯಿತು. ಅವಳು ಹೊಸ್ತಿಲ ಮೇಲೆ ನಿಂತು, "ಇದನ್ನ ಎತ್ತಿಕೊಂಡು ಹೋಗಾಕ ಇಷ್ಟು ದೂರ ಬಂದಿ" ಅಂದಳು. "ಅವತ್ತು ಅವರನ್ನ ಎತ್ತಾಕ ನಾಕು ಹೆಜ್ಜಿ ಬರ್ಲಿಲ್ಲಲ್ಲೋ."

ಅವನು ತಲೆ ಕೆಳಗೆ ಹಾಕಿದ. ಆದರೆ ಹೋಗುವಾಗ, "ಹುಡುಗರನ್ನ ಕಳಸ್ತೀನಿ, ಕೊಟ್ಟು ಕಳಸ್ರಿ" ಎಂದೇ ಹೋದ. ಪೋಸ್ಟರುಗಳಲ್ಲಿ ಆಗಲೇ ನನ್ನ ಚಿತ್ರ ಬಂದಿದೆಯಂತೆ.

ಅವತ್ತಿನಿಂದ ನೀಲವ್ವ ನನ್ನನ್ನು ಬಾಗಿಲಿಗೆ ಅಡ್ಡ ಕೊಟ್ಟಿದ್ದಾಳೆ. ಹೊರಗೆ ಜೀಪು ನಿಂತ ಸದ್ದು. ಯಾರೋ ಕದ ಬಡಿಯುತ್ತಿದ್ದಾರೆ. ನೀಲವ್ವ ಎರಡೂ ಕೈಯಿಂದ ನನ್ನನ್ನು ಒತ್ತಿ ಹಿಡಿದಿದ್ದಾಳೆ. ಮೌನೇಶಪ್ಪಾ, ಇದು ಮುರಿಯಂಗಿಲ್ಲ ಅಂದಿದ್ದೆಯಲ್ಲ, ಆ ಮಾತು ಇವತ್ತೊಂದು ದಿನ ನಿಜವಾಗಲಿ.