ಮೂರನೇ ಬಟ್ಟಲು ಕಾಫಿ

ಸೆನಿಹಾ ಬಾಗಿಲು ತಟ್ಟಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಏನೋ ಕೆಲಸ ತಲೆಗೆ ಕಟ್ಟಲು ಬಂದಿದ್ದಾಳೆ ಎಂದು. ಎದುರು ಮನೆಯವಳು. ಸಕ್ಕರೆ ಕೇಳಲು ಬಂದರೆ ಬೆರಳಲ್ಲಿ ತಟ್ಟುತ್ತಾಳೆ, ಉಪಕಾರ ಕೇಳಲು ಬಂದರೆ ಅಂಗೈಯಲ್ಲಿ ಬಡಿಯುತ್ತಾಳೆ. ತೆರೆದು ನೋಡಿದರೆ ಮೊಣಕೈವರೆಗೂ ಹಿಟ್ಟು. ಅವತ್ತು ಸಂಜೆ ಅವಳ ಮಗಳು ಮೆರಿಮಾಳನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ತಂದೆ ಹಲ್ಲಿನ ಡಾಕ್ಟರು, ನದಿಯ ಆಚೆ ದೊಡ್ಡ ಮನೆ. ಅವರಿಗಾಗಿ ಹಿಂದಿನ ದಿನದಿಂದಲೇ ಬಕ್ಲಾವಾ ಸಿಹಿಗೆ ಹಾಳೆ ಲಟ್ಟಿಸುತ್ತಿದ್ದಳು.

"ರಾಜಿಯಾ, ನಿನ್ನ ದಮ್ಮಯ್ಯ ಅಂತೀನಿ," ಅಂದಳು. "ಆ ಶೆರಿಫ್ ಬಂದು ಕೂತುಬಿಟ್ಟಿದ್ದಾನೆ."

ಶೆರಿಫ್ ಯಾರು ಅಂತ ನಮ್ಮ ವ್ರಾತ್ನಿಕ್ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಯುದ್ಧ ಶುರುವಾದಾಗ ಮೆರಿಮಾಗೆ ಮೂರು ವರ್ಷ. ಕಾಕನ್ ಕಡೆಯ ಬೆಟ್ಟದ ಹಳ್ಳಿಯಲ್ಲಿದ್ದ ಅಜ್ಜಿಯ ಮನೆಗೆ ಒಂದು ವಾರ ಇರಲೆಂದು ಕಳಿಸಿದ್ದರು. ಆ ವಾರವೇ ಸರಾಯೆವೊಗೆ ಮುತ್ತಿಗೆ ಬಿತ್ತು. ಇಲ್ಲಿಂದ ಯಾರೂ ಹೊರಗೆ ಹೋಗುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಮೂರು ತಿಂಗಳಲ್ಲೇ ಅಜ್ಜಿ ತೀರಿಕೊಂಡಳು. ಪಕ್ಕದ ಮನೆಯ ಶೆರಿಫ್ ಮತ್ತು ಅವನ ಹೆಂಡತಿ ಇಫೆತಾ ಮಗುವನ್ನು ಎತ್ತಿಕೊಂಡು ಹೋಗಿ, ಯುದ್ಧ ಮುಗಿಯುವವರೆಗೂ ತಮ್ಮ ಮಕ್ಕಳ ಜೊತೆಯಲ್ಲೇ ಸಾಕಿದರು.

ಯುದ್ಧ ಮುಗಿದ ಮೇಲೆ ಇಫೆತಾ ತಾನೇ ಮಗುವನ್ನು ಕರೆತಂದು ಬಿಟ್ಟಳು. ಮಗು ಅವಳ ಲಂಗದ ಹಿಂದೆ ಅವಿತುಕೊಂಡು, ಸೆನಿಹಾಳ ಕಡೆ ಬೆರಳು ತೋರಿಸಿ, "ಅಮ್ಮಾ, ಇವರು ಯಾರು?" ಅಂತ ಇಫೆತಾಳನ್ನು ಕೇಳಿತು. ಇಡೀ ಬೀದಿ ನೋಡುತ್ತಿತ್ತು, ನಾನೂ ನೋಡುತ್ತಿದ್ದೆ. ಸೆನಿಹಾ ನಕ್ಕುಬಿಟ್ಟಳು. ಆದರೆ ಆಮೇಲೆ ಮಗಳನ್ನು ಆ ಹಳ್ಳಿಗೆ ಒಮ್ಮೆಯೂ ಕಳಿಸಲಿಲ್ಲ. ಈ ವರ್ಷ ರಸ್ತೆ ಸರಿಯಿಲ್ಲ, ಮುಂದಿನ ವರ್ಷ ಪರೀಕ್ಷೆ ಅಂತ ಇಪ್ಪತ್ತು ವರ್ಷ ತಳ್ಳಿದಳು. ಹೋದ ಚಳಿಗಾಲದಲ್ಲಿ ಇಫೆತಾ ಸತ್ತಾಗ ಮಾತ್ರ ಫೋನು ಮಾಡಿದ್ದಳು.

ಈಗ ಮಗುವಿನ ನಿಶ್ಚಯದ ಸುದ್ದಿ ಹೇಗೋ ಕಿವಿಗೆ ಬಿದ್ದು, ಮುದುಕ ಮೊದಲ ಬಸ್ಸು ಹತ್ತಿ ಬಂದಿದ್ದ. ಮೆರಿಮಾಳನ್ನು ಒಂದು ಸಲ ನೋಡಬೇಕು, ಇಫೆತಾ ಸಾಯುವ ಮುಂಚೆ ಹೆಣೆದಿಟ್ಟ ಉಡುಗೊರೆಯನ್ನು ಕೈಯಾರೆ ಕೊಡಬೇಕು, ಅಷ್ಟೇ ಅವನ ಆಸೆ. ಮೆರಿಮಾ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಳು, ಬರುವುದು ಸಂಜೆಗೆ, ಗಂಡಿನ ಕಡೆಯವರ ಹೊತ್ತಿಗೆ ಸರಿಯಾಗಿ. ಸೆನಿಹಾ ಕೇಳಿದ್ದಿಷ್ಟು: ಇವನಿಗೆ ಊರು ತೋರಿಸು, ಅಲ್ಲಿಂದ ಹಾಗೇ ಸಾಯಂಕಾಲದ ಬಸ್ಸಿಗೆ ಹತ್ತಿಸಿ ಬಾ.

ಹುಡುಗಿಯ ಮುಖ ನೋಡಿಕೊಂಡಾದರೂ ಹೋಗಲಿ ಬಿಡೆ ಅಂದೆ.

"ಅವನು ಬಾಯಿ ಬಿಟ್ಟರೆ ಮುಗೀತು. ಹೇನು ಬಿದ್ದಿದ್ದು, ಹರಕು ಬಟ್ಟೆ ಹಾಕಿದ್ದು, ಅವನ ಹೆಂಡ್ತೀನ ಅಮ್ಮ ಅಂತ ಕರೀತಿದ್ದಿದ್ದು, ಎಲ್ಲ ಬರತ್ತೆ. ಆ ಜನದ ಮುಂದೆ ನಾನು ಏನು ಅಂತ ಕೂರಲಿ, ಹೇಳು?"

ನನ್ನ ಬಾಯಿ ಎಂಥದ್ದು ಅಂತ ಬೀದಿಗೆಲ್ಲ ಗೊತ್ತು. ಬೇಕರಿಯವನನ್ನೂ ಬಿಟ್ಟಿಲ್ಲ, ಇಮಾಮರನ್ನೂ ಬಿಟ್ಟಿಲ್ಲ. ಆದರೆ ಮುತ್ತಿಗೆಯ ದಿನಗಳಲ್ಲಿ ಸೆನಿಹಾ, ನಾನು ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದವರು. ಅವಳಿಗೆ ಮಾತ್ರ ಇಲ್ಲ ಅನ್ನಲು ನನಗೆ ಆಗುವುದಿಲ್ಲ. ಗೊಣಗಿಕೊಂಡೇ ಕೋಟು ಹಾಕಿಕೊಂಡೆ.

ಮುದುಕ ಅವರ ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಕಪ್ಪು ಕೋಟು, ಹೊಗೆಯ ವಾಸನೆ, ತೊಡೆಯ ಮೇಲೆ ಕಸೂತಿ ಹಾಕಿದ ಬಟ್ಟೆಯ ಚೀಲ. ಅದು ಮೊದಲನೇ ಕಾಫಿ. ನಮ್ಮಲ್ಲಿ ಮೊದಲನೆಯದು ಬಂದಿದ್ದಕ್ಕೆ, ಎರಡನೆಯದು ಮಾತಿಗೆ. ಮೂರನೆಯದು ಬಂತೆಂದರೆ ಅತಿಥಿ ಹೊರಡಲು ಟೋಪಿ ಹುಡುಕಿಕೊಳ್ಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬಟ್ಟಲು ತಂದಿಟ್ಟರೆ ಸಾಕು.

ಇಳಿಜಾರಿನಲ್ಲಿ ಇಳಿಯುವಾಗಲೇ ಅವನು ಕುಂಟುತ್ತಿದ್ದ. ಕೇಳಿದರೆ, ರಾಜಧಾನಿಗೆ ಹೋಗುವವನು ಹಳೇ ಬೂಟು ಹಾಕಿಕೊಂಡು ಹೋಗಬೇಡ ಅಂತ ಮಗ ತನ್ನ ಬೂಟು ಕೊಟ್ಟನಂತೆ, ಅದು ಕಚ್ಚುತ್ತದಂತೆ. ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ ಅಂದೆ. "ಬೇಡ ತಂಗಿ, ಮಗು ಊರಲ್ಲಿ ಅದರ ಮಾನ ನಾನ್ಯಾಕೆ ಕಳೀಲಿ," ಅಂದ.

ಪೇಟೆಯ ಕಾರಂಜಿಯ ಹತ್ತಿರ ನಿಂತಾಗ, ಇದರ ನೀರು ಕುಡಿದವರು ಈ ಊರಿಗೆ ಮತ್ತೆ ಬಂದೇ ಬರುತ್ತಾರಂತೆ ಅಂತ ಬಾಯಿಗೆ ಬಂದಿದ್ದನ್ನು ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ. ಅವನು ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೊಗಸೆ ತುಂಬ ಕುಡಿದ. ಹಾಗಾದರೆ ಮದುವೆಗೆ ಬರುವುದು ಗಟ್ಟಿಯಾಯಿತು ಅಂದ. ತಾಮ್ರದವರ ಓಣಿಯಲ್ಲಿ ಕಂಡ ಕಂಡ ಪಾತ್ರೆಯನ್ನೆಲ್ಲ ಬೆರಳಿನಿಂದ ಬಾರಿಸಿ, ತಗಡು ತೆಳು ಅಂತ ಮುಖ ಸಿಂಡರಿಸಿದ. ಅಂಗಡಿಯವನು ರೇಗಿದರೆ, ನಿನ್ನ ಕೈ ಚೆನ್ನಾಗಿದೆ ಮಗನೇ, ತಗಡಿಗೆ ಹೇಳಿದ್ದು ಅಂದ. ಮೊದಲ ಮಹಾಯುದ್ಧಕ್ಕೆ ಕಿಡಿ ಹೊತ್ತಿದ ಸೇತುವೆ ಇದೇ ಅಂತ ತೋರಿಸಿದರೆ, ಇಷ್ಟು ಗಿಡ್ಡ ಸೇತುವೆಗೆ ಅಷ್ಟು ದೊಡ್ಡ ಯುದ್ಧವೇ ಅಂತ ಬಗ್ಗಿ ನೀರು ನೋಡಿದ. ನಗು ತಡೆಯಲಾಗಲಿಲ್ಲ. ಬೈದುಕೊಂಡು ಹೊರಟವಳು ಅವನ ಜೊತೆ ನಗುತ್ತಿದ್ದೇನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು.

ನಗರಸಭೆಯ ಕಟ್ಟಡದ ಮುಂದೆ ಮಾತ್ರ ಅವನು ಟೋಪಿ ತೆಗೆದ. ಯುದ್ಧದಲ್ಲಿ ಸುಟ್ಟುಹೋಗಿದ್ದನ್ನು ಮತ್ತೆ ಕಟ್ಟಿ ಆಗಷ್ಟೇ ತೆರೆದಿದ್ದರು.

"ಇದು ಸುಟ್ಟ ದಿನ ರೇಡಿಯೋದಲ್ಲಿ ಹೇಳಿದ್ರು. ನಮ್ಮಮ್ಮ ಅದರೊಳಗಿದ್ದಾಳಾ ಅಂತ ಮಗು ಕೇಳ್ತು. ಇಲ್ಲ ಪುಟ್ಟಾ, ನಿಮ್ಮಮ್ಮ ಗಟ್ಟಿಗಿತ್ತಿ, ಅವಳಿಗೇನೂ ಆಗಲ್ಲ ಅಂತ ಇಫೆತಾ ಅಂದ್ಲು. ಅವತ್ತಿಂದ ದಿನಾ ಮಲಗೋ ಮುಂಚೆ ಅದನ್ನೇ ಹೇಳಬೇಕು, ಇಲ್ದಿದ್ರೆ ಮಗು ಕಣ್ಣು ಮುಚ್ತಿರಲಿಲ್ಲ. ನನ್ನನ್ನ ಅಮ್ಮ ಅನ್ನಬೇಡ, ನಿಂಗೆ ಅಮ್ಮ ಇದ್ದಾಳೆ ಅಂತಾನೂ ಹೇಳಿ ಹೇಳಿ ಸಾಕಾಯ್ತು ಅವಳಿಗೆ. ಆ ವಯಸ್ಸಿನ ಮಗು ಕೇಳತ್ತಾ, ಹೇಳಿ?"

ಇಪ್ಪತ್ತು ವರ್ಷದಿಂದ ಸೆನಿಹಾ, ಆ ಹೆಂಗಸು ನನ್ನ ಮಗಳನ್ನು ಕಿತ್ತುಕೊಂಡಳು ಅಂತ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಿದ್ದಾಳೆ. ನಾನು ಹೌದೌದು ಅಂದಿದ್ದೇನೆ.

ಸುಟ್ಟ ಮಾಂಸದ ಚೆವಾಪಿ ತಿನ್ನಿಸಲು ಕರೆದುಕೊಂಡು ಹೋದೆ. ಕೈ ತೊಳೆದು ಬರುತ್ತೇನೆ ಅಂತ ಎದ್ದವನು ಗಲ್ಲಾದಲ್ಲಿ ದುಡ್ಡು ಕೊಟ್ಟೇ ಬಂದಿದ್ದ. ನಮ್ಮ ಊರಿಗೆ ಬಂದು ನೀವು ಕೊಡುವುದೇ ಅಂತ ಜಗಳವಾಡಿದೆ. ಜಗಳ ನಿಜವಾದದ್ದೇ, ಆದರೆ ನನಗೆ ಅದನ್ನು ಆಡುವ ಮುಖ ಇರಲಿಲ್ಲ.

ಊಟವಾಗಿ ದೊಡ್ಡ ಬೀದಿಯಲ್ಲಿ ನಡೆಯುತ್ತಿದ್ದಾಗ ಅವನು ಕೇಳಿದ: "ಮಗು ಕೆಲಸ ಮಾಡೋ ಅಂಗಡಿ ಯಾವ ಕಡೆಗೆ? ಹೊರಗಿಂದಲೇ ಒಂದು ಸಲ ಇಣುಕಿ ಹೋಗೋಣ."

ಔಷಧಿ ಅಂಗಡಿಯ ಹಸಿರು ಕ್ರಾಸಿನ ಬೋರ್ಡು ಕಣ್ಣೆದುರಿಗೇ ಕಾಣುತ್ತಿತ್ತು. ಅದು ಊರಾಚೆ, ಟ್ರಾಮಿನಲ್ಲಿ ಹೋಗಬೇಕು, ಬಹಳ ದೂರ ಅಂದೆ. ಅಂದವಳೇ ಅವನ ತೋಳು ಹಿಡಿದು ನದಿಯ ಕಡೆಗೆ ತಿರುಗಿಸಿದೆ. ಎಂಬತ್ತರ ಹತ್ತಿರದ ಮುದುಕ, ಕಚ್ಚುವ ಬೂಟಿನಲ್ಲಿ, ನಾನು ಎಳೆದ ಕಡೆ ಬಂದ. ಎಂಥ ನಾಚಿಕೆಗೆಟ್ಟವಳು ನಾನು ಅಂದುಕೊಂಡೆ. ಅಂದುಕೊಂಡೂ ತಿರುಗಿ ಹೋಗಲಿಲ್ಲ.

ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೊರಡಿಸೋಣ ಅಂದರೆ ಅವನು ಒಪ್ಪಲಿಲ್ಲ. ಸೆನಿಹಾ ಮನೆಯಲ್ಲಿ ಕೂತು ಮಗುವಿಗೆ ಕಾಯುತ್ತೇನೆ, ರಾತ್ರಿಗೆ ಕೊನೇ ಬಸ್ಸು ಇದೆಯಂತೆ ಅಂದ. ಬೆಟ್ಟ ಹತ್ತಿ ವಾಪಸು ಬಂದೆವು. ನಮ್ಮನ್ನು ಕಂಡು ಸೆನಿಹಾ ನನ್ನ ಕಡೆ ಬೀರಿದ ನೋಟವನ್ನು ನಾನು ಮರೆಯುವುದಿಲ್ಲ. ಮನೆ ಆಗಲೇ ಸಿಂಗಾರವಾಗಿತ್ತು. ಹೊಸ ಮೇಜುಬಟ್ಟೆಯ ಮುಂದೆ ಮುದುಕ ಚೀಲ ಅಪ್ಪಿಕೊಂಡು ಕೂತ. ಅವನ ಕಾಲುಚೀಲದ ಹಿಮ್ಮಡಿಯಲ್ಲಿ ರಕ್ತ ಇತ್ತು, ಸೆನಿಹಾಳೂ ಅದನ್ನು ನೋಡಿದಳು.

ಎರಡನೇ ಕಾಫಿ ಬಂತು. ಅವನು ಸಕ್ಕರೆಯ ತುಂಡನ್ನು ಅದ್ದಿ ಬಾಯಿಗಿಟ್ಟುಕೊಂಡು, ಮಗು ಮೊದಲ ಸಲ ಹಾಲು ಕರೆಯಲು ಹೋಗಿ ಒದೆಸಿಕೊಂಡ ಕಥೆ ಶುರು ಮಾಡಿದ. ಬಟ್ಟಲಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಸೆನಿಹಾ ಗಡಿಯಾರ ನೋಡಿದಳು, ಎದ್ದು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ. ಒಲೆಯ ಮೇಲೆ ತಾಮ್ರದ ಪಾತ್ರೆ ಇಡುತ್ತಿದ್ದಳು.

ಬೇಡ ಸೆನಿಹಾ ಅಂದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ತಟ್ಟೆ ಹಿಡಿದು ನಡೆದಳು.

ಹೊಸ ಬಟ್ಟಲನ್ನು ಮುಂದೆ ಇಟ್ಟಾಗ ಕಥೆ ಹಾಲಿನ ಬಕೆಟ್ಟಿನ ಹತ್ತಿರ ನಿಂತುಹೋಯಿತು. ಮುದುಕ ಆ ಬಟ್ಟಲನ್ನು ನೋಡಿದ. ಹಳ್ಳಿಯವನು, ಗಮನಿಸದೇ ಇರಲಿ ದೇವರೇ ಅಂತ ಬೇಡಿಕೊಂಡೆ. ಆದರೆ ಇಂಥದ್ದನ್ನೆಲ್ಲ ನಮಗಿಂತ ಹಳ್ಳಿಯವರೇ ಹೆಚ್ಚು ಪಾಲಿಸುತ್ತಾರೆ. ಅವನು ಅರ್ಧ ಉಳಿದಿದ್ದನ್ನು ಮುಗಿಸಿದ. ಮೂರನೆಯದನ್ನೂ ತಳದ ಗಷ್ಟು ಕಾಣುವವರೆಗೆ ನಿಧಾನವಾಗಿ ಕುಡಿದ. ನಿನ್ನ ಕೈಯ ಕಾಫಿ ಚೆನ್ನಾಗಿದೆ ಸೆನಿಹಾ, ಹೊತ್ತಾಯಿತು ಬರುತ್ತೇನೆ ಅಂತ ಎದ್ದ. ಬಾಗಿಲಲ್ಲಿ ಕೂತು ಆ ಬೂಟುಗಳಿಗೆ ಕಾಲು ತೂರಿಸಲು ಬಹಳ ಹೊತ್ತು ಹಿಡಿಯಿತು. ಸೆನಿಹಾ ಗೇಟಿನವರೆಗೂ ಬರಲಿಲ್ಲ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ದಾರಿಯಲ್ಲಿ ನಾನು ತಡೆಯಲಾರದೆ ಅವನನ್ನು ಸೀದಾ ದೊಡ್ಡ ಬೀದಿಗೆ ಕರೆದುಕೊಂಡು ಹೋಗಿ ಹಸಿರು ಕ್ರಾಸಿನ ಎದುರಿಗೆ ನಿಲ್ಲಿಸಿದೆ. ಇದೇ ಅಂಗಡಿ, ಮಧ್ಯಾಹ್ನ ನಾನು ಸುಳ್ಳು ಹೇಳಿದೆ ಅಂದೆ.

"ಗೊತ್ತಿತ್ತು ತಂಗಿ. ಬೋರ್ಡು ನೋಡಿಯೇ ತಿರುಗಿದ್ರಲ್ಲ ನೀವು," ಅಂದ. ಅವನ ದನಿಯಲ್ಲಿ ಬೇಸರವೂ ಇರಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಒಳಗೆ ಹೋಗಿ ಅವಳನ್ನು ಕರೆಯುತ್ತೇನೆ ಅಂತ ಹೊರಟ ನನ್ನ ತೋಳನ್ನು ಅವನು ಹಿಡಿದುಕೊಂಡ.

"ಬೇಡ. ಮೂರನೇದು ಕುಡಿದು ಬಂದಿದ್ದೀನಿ. ಎದ್ದು ಹೋಗು ಅಂದ ಮನೆಯ ಮಗೂನ ಬೀದಿಲಿ ನಿಂತು ಕರೆಯೋದು ಚೆನ್ನಾಗಿರಲ್ಲ. ತಾಯಿ ಮಗಳ ಮಧ್ಯೆ ಬೆಂಕಿ ಹಾಕಕ್ಕೆ ಬಂದೋನಲ್ಲ ನಾನು."

ರಸ್ತೆಯ ಈಚೆ ಬದಿಯಲ್ಲಿ ನಿಂತು ನೋಡಿದ. ಗಾಜಿನ ಆಚೆ ಮೆರಿಮಾ ಬಿಳಿ ಕೋಟಿನಲ್ಲಿ ಒಬ್ಬ ಅಜ್ಜಿಗೆ ಮಾತ್ರೆಯ ಡಬ್ಬದ ಮೇಲೆ ಏನೋ ಬರೆದು ಕೊಡುತ್ತಿದ್ದಳು.

"ಎಡಗೈಲೇ ಬರೀತಾಳೆ," ಅಂದ. "ಚಮಚನೂ ಎಡಗೈಲೇ ಹಿಡಿಯೋಳು. ಇಫೆತಾ ಬಿಡಿಸ್ತೀನಿ ಅಂತ ಹೋಗಿ ಸೋತ್ಲು."

ಅವಳು ಒಮ್ಮೆ ತಲೆಯೆತ್ತಿ ಬೀದಿಯ ಕಡೆ ನೋಡಿದಳು. ನಾನು ಕೈಯೆತ್ತಬಹುದಿತ್ತು. ತೋಳಿನ ಮೇಲೆ ಅವನ ಹಿಡಿತ ಹಾಗೇ ಇತ್ತು. ಅವಳು ಮತ್ತೆ ಬರೆಯಲು ಬಗ್ಗಿದಳು. ನಿಲ್ದಾಣದಲ್ಲಿ ಬಸ್ಸು ಹೊರಡುವಾಗ ಅವನು ಚೀಲವನ್ನು ನನ್ನ ಕೈಗೆ ಕೊಟ್ಟ. ಕೈಯಾರೆ ಕೊಡಬೇಕು ಅಂತ ಇಫೆತಾ ಹೇಳಿ ಹೋಗಿದ್ದಳು, ನಿಮ್ಮ ಕೈಯೂ ಕೈಯೇ ಅಂದ.

ನಾನು ವಾಪಸು ಬರುವ ಹೊತ್ತಿಗೆ ಗಂಡಿನ ಕಡೆಯವರು ಬಂದು ಕೂತಿದ್ದರು. ಡಾಕ್ಟರು, ಅವರ ಹೆಂಡತಿ, ಹುಡುಗ. ಸೆನಿಹಾಳ ಮುಖ ಹೊಳೆಯುತ್ತಿತ್ತು, ಬಕ್ಲಾವಾ ಬಹಳ ಚೆನ್ನಾಗಿದೆ ಅಂದಿದ್ದರಂತೆ. ಚೀಲವನ್ನು ಆಮೇಲೆ ಅಡುಗೆಮನೆಯಲ್ಲಿ ಕೊಡೋಣವೆಂದು ಕೋಟಿನ ಕೆಳಗೆ ಅವಿತಿಟ್ಟುಕೊಂಡೇ ಒಳಗೆ ಬಂದೆ. ಆದರೆ ಕೋಟು ಇಸಿದುಕೊಳ್ಳಲು ಬಂದ ಮೆರಿಮಾ ಕಸೂತಿಯನ್ನು ನೋಡಿಬಿಟ್ಟಳು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದಳು.

"ಇದು ಇಫೆತಾ ಅಮ್ಮನ ಚೀಲ," ಅಂದಳು. ಒಳಗೆ ಕೆಂಪು ಉಣ್ಣೆಯ ಕಾಲುಚೀಲಗಳಿದ್ದವು, ಮದುವಣಗಿತ್ತಿಗೆ ಹೆಣೆಯುವಂಥವು. "ಶೆರಿಫ್ ತಾತ ಬಂದಿದ್ರಾ?"

ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದರು, ಎಷ್ಟು ಹೇಳಿದರೂ ನಿಲ್ಲಲಿಲ್ಲ ಅಂದಳು ಸೆನಿಹಾ, ಗಂಡಿನ ಕಡೆಯವರತ್ತ ನಗುತ್ತ. ಡಾಕ್ಟರ ಹೆಂಡತಿಗೆ ಕೇಳಿ ಪೇಚಾಟವಾಯಿತು. ಯುದ್ಧದಲ್ಲಿ ಸಾಕಿದವರಲ್ಲವೇ, ಮೆರಿಮಾ ಮೊದಲ ದಿನವೇ ನಮಗೆಲ್ಲ ಹೇಳಿದ್ದಳು, ಅಂಥವರ ಕೈ ಹಿಡಿದು ಮಾತಾಡಿಸಬೇಕು ಅಂತಲೇ ಇದ್ದೆವು ಅಂದರು. ಸೆನಿಹಾಳ ನಗು ಹಾಗೇ ಮುಖದ ಮೇಲೆ ಉಳಿದುಕೊಂಡಿತು.

"ಕಾಫಿನಾದ್ರೂ ಕುಡಿದು ಹೋದ್ರಾ?" ಅಂತ ಮೆರಿಮಾ ಕೇಳಿದಳು.

"ಕುಡಿದ್ರಮ್ಮ, ಕುಡಿಸದೇ ಕಳಿಸ್ತೀನಾ?"

"ಎಷ್ಟು?"

ಸೆನಿಹಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ದಿನವಿಡೀ ನಾನು ಅವಳ ಮಾನ ಕಾಯಲು ಮುದುಕನನ್ನು ಬೀದಿ ಬೀದಿ ತಿರುಗಿಸಿದ್ದೆ. ಇನ್ನು ಆಗಲಿಲ್ಲ.

"ಮೂರು," ಅಂದೆ. "ನಾನೂ ಅಲ್ಲೇ ಇದ್ದೆ."

ಎಲ್ಲರೂ ಈ ಊರಿನವರೇ. ಡಾಕ್ಟರ ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡರು. ಮೆರಿಮಾ ನೆಲದ ಮೇಲೆ ಕೂತು ಕೆಂಪು ಕಾಲುಚೀಲ ಹಾಕಿಕೊಂಡಳು. ತಾತನ ಬಸ್ಸು ಹೊರಟು ಎಷ್ಟು ಹೊತ್ತಾಯಿತು ಅಂತ ನನ್ನನ್ನೇ ಕೇಳಿದಳು, ಅಮ್ಮನನ್ನು ಕೇಳಲಿಲ್ಲ. ಹುಡುಗ ಕಾರಿನ ಕೀಲಿ ತೆಗೆದುಕೊಂಡು ಅವಳ ಹಿಂದೆ ಹೊರಟ. ಡಾಕ್ಟರು ಕೈಯಲ್ಲಿದ್ದ ಬಟ್ಟಲನ್ನು ಬಾಯಿಗಿಡದೆ ಹಾಗೇ ತಟ್ಟೆಯ ಮೇಲೆ ಇಟ್ಟರು. ಅದು ಅವರ ಮೊದಲನೇ ಕಾಫಿ.