ಕೆಟ್ಟದ್ದು ಯಾರು

ಕೊಳೆತ ಮೀನಿನ ನಾತ ಗಂಗೂಗೆ ಚಿಕ್ಕಂದಿನಿಂದಲೂ, ಕೇಣಿ ಊರಿನ ಕಡಲ ದಂಡೆಯಲ್ಲಿ ಆಡುವಾಗಿನಿಂದಲೂ ಗೊತ್ತು. ಇಂದು ಅಕ್ಕನ ಜಗಲಿಯಲ್ಲಿ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಕಾರವಾರದಲ್ಲಿ ನರ್ಸಿಂಗ್ ಓದುವ ಅಕ್ಕನ ಮಗಳು ದೀಪಾಲಿಯ ಮೇಲೆ ಅವಳ ಅಪ್ಪನ ಗೆಳೆಯ ಸತೀಶ ನಿನ್ನೆ ಅತ್ಯಾಚಾರ ಮಾಡಿದ್ದ.

"ಹುಡ್ಗಿ ಕೆಟ್ಟೋಯ್ತು. ಪೊಲೀಸು ಗಿಲೀಸು ಬ್ಯಾಡ, ನಾಳೆ ಮದ್ವೆ ಆಗೂದಿಲ್ಲ," ಎಂದ ಭಾವ ಮಾದೇವ, ಚಹಕ್ಕೆ ಬಿಸ್ಕೀಟು ಅದ್ದುತ್ತ.

"ಕೆಡೂಕೆ ಅವಳೇನು ಬಂಗಡೆ ಮೀನಾ ಭಾವ? ಕೆಟ್ಟದ್ದು ನಿಮ್ಮ ದೋಸ್ತ!"

ಗಂಗೂ ಒಳಗೆ ಹೋಗಿ ದೀಪಾಲಿಯ ಪಕ್ಕ ಕುಳಿತಳು.

"ನೀ ಹೇಳಿದ್ದು ನಂಬ್ತೆ ಮಗಾ. ತಪ್ಪು ನಿಂದಲ್ಲ. ಏನು ಮಾಡೂದು, ನೀನೇ ಹೇಳು."

"ಮೊದ್ಲು ಆಸ್ಪತ್ರೆ, ಆಮೇಲೆ ಠಾಣೆ. ನೀ ಬತ್ಯಾ ಚಿಕ್ಕಿ?"

"ಬತ್ತೆ."

ಇಬ್ಬರೂ ಮೆಟ್ಟಿಲಿಳಿಯುವಾಗ, ಅಕ್ಕ ಗಂಡನನ್ನು ದಾಟಿ ಹಿಂದಿನಿಂದ ಬಂದು, ಬಿಸಿ ಗಂಜಿಯ ಡಬ್ಬಿಯನ್ನು ಮಗಳ ಕೈಗಿಟ್ಟಳು.