ಅಂಗೈಯ ಮೇಲಿನ ಸಾರು

ನಾನು ಕ್ಯಾಮೆರಾದ ಚಿತ್ರಗಳನ್ನು ಹೊಟ್ಟೆಯಲ್ಲಿ ತುಂಬಿಟ್ಟುಕೊಳ್ಳುವ ಒಂದು ಕಪ್ಪು ಸ್ಟೋರೇಜ್ ಡಬ್ಬಿ. ಒಂದು ಕಣ ಧೂಳೂ ಇಲ್ಲದ ಕೋಣೆಯಲ್ಲಿ ಕೈಗವಸು ತೊಟ್ಟವರು ನನ್ನನ್ನು ಜೋಡಿಸಿದರು. ಅಷ್ಟು ಸ್ವಚ್ಛವಾಗಿ ಹುಟ್ಟಿದವನು ಇಷ್ಟು ಹೊಲಸು ನೋಡಬೇಕಾಗುತ್ತದೆಂದು ತಿಳಿದಿರಲಿಲ್ಲ.

ಹುಬ್ಬಳ್ಳಿಯ ಶಾಂಭವಿ ಅಕ್ಕನ ಮನೆಯಲ್ಲಿ, ಟಿವಿ ಸ್ಟ್ಯಾಂಡಿನ ಕೆಳಗೆ ನನ್ನನ್ನು ಇಟ್ಟರು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಮನೆಯವರ ಪಾದಗಳು ಮಾತ್ರ. ಕ್ಯಾಮೆರಾ ಬಾಗಿಲಿಗಿರಬಹುದು ಎಂದುಕೊಂಡೆ. ಅದನ್ನು ಅಡುಗೆಮನೆಯಲ್ಲಿ, ಮೈಕ್ರೋವೇವ್ ಓವನ್ನಿನ ಮೇಲಿನ ಹಲಗೆಗೆ ಕೂರಿಸಿದರು. ಅಡುಗೆಯ ನೀಲವ್ವ ಎಂಜಲು ಮಾಡುತ್ತಾಳೋ ಎಂದು ಅಕ್ಕನಿಗೆ ಸಂಶಯ. ಒಬ್ಬ ಹೆಂಗಸಿನ ಬಾಯಿ ಕಾಯುವುದು ನನ್ನ ಕೆಲಸ! ಅಂದೇ ಅಸಹ್ಯವಾಯಿತು.

ಜೋಡಿಸಲು ಬಂದವನು ವೈರ್ ಎಳೆಯೋಣ, ವೈಫೈ ನಡುನಡುವೆ ಕೈಕೊಡುತ್ತದೆ ಎಂದ. ಹೊಸ ಬಣ್ಣದ ಗೋಡೆಗೆ ತೂತು ಬೇಡವೆಂದರು ಅಕ್ಕ. ಹಾಗಾಗಿ ಚಿತ್ರಗಳು ಗಾಳಿಯಲ್ಲೇ ತೇಲಿ ಬರುತ್ತಿದ್ದವು. ಬಂದದ್ದನ್ನು ಬಂದಂತೆ ಜೋಡಿಸಿಡುತ್ತಿದ್ದೆ. ಏನಾದರೂ ತಪ್ಪಿಹೋಯಿತೇ ಎಂಬ ದಿಗಿಲು ಮಾತ್ರ ಎಂದೂ ಬಿಡಲಿಲ್ಲ.

ನೀಲವ್ವ ಉಪ್ಪು ನೋಡುವ ರೀತಿ ಒಂದೇ. ಸೌಟನ್ನು ಮೇಲೆತ್ತಿ, ಅಂಗೈ ಮೇಲೆ ಒಂದು ಹನಿ ಸಾರು ಬಿಟ್ಟು ನೆಕ್ಕಿ, ಕೈ ತೊಳೆದ ಮೇಲೆಯೇ ಪಾತ್ರೆ ಮುಟ್ಟುತ್ತಿದ್ದಳು. ಒಂದು ದಿನ ಸೌಟು ಅವಳ ಮುಖದ ಹತ್ತಿರ ಹೋಗುತ್ತಲೇ ಚಿತ್ರ ನಿಂತಿತು. ಮತ್ತೆ ಬಂದಾಗ ಸೌಟು ಸಾರಿನಲ್ಲಿತ್ತು. ನಡುವಿನ ತುಣುಕು ನನ್ನ ತನಕ ಬರಲೇ ಇಲ್ಲ. ಎಷ್ಟು ಹುಡುಕಿದೆನೋ.

ಅಕ್ಕ ಅದನ್ನು ಟಿವಿಯಲ್ಲಿ ಹಾಕಿ, ನೀಲವ್ವನನ್ನು ಕರೆದು ನಿಲ್ಲಿಸಿದರು.

“ಅಂಗೈ ಮ್ಯಾಲ ಹಾಕ್ಕೊಂಡು ನೋಡೀನ್ರಿ ಅಕ್ಕಾರ. ಸೌಟು ಬಾಯಿಗೆ ಹಚ್ಚಿಲ್ರಿ.”

“ಕಣ್ಣಿಗೆ ಕಾಣಾಕತ್ತೈತಿ, ಇನ್ನೇನ ಹೇಳ್ತೀ?”

ಬೇರೆ ದಿನಗಳ ಚಿತ್ರಗಳೆಲ್ಲ ನನ್ನ ಹೊಟ್ಟೆಯಲ್ಲೇ ಇದ್ದವು: ಅವಳ ಅಂಗೈ, ಆಮೇಲೆ ನಲ್ಲಿ. ಯಾರೂ ತೆಗೆದು ನೋಡಲಿಲ್ಲ. ಆ ತುಣುಕು ಓಣಿಯ ಹೆಂಗಸರ ವಾಟ್ಸಾಪ್ ಗ್ರೂಪಿಗೆ ಹೋಯಿತು. ನೀಲವ್ವ ಅಡುಗೆ ಮಾಡುತ್ತಿದ್ದ ಉಳಿದ ಮನೆಗಳೂ ಅವಳನ್ನು ಕೆಲಸದಿಂದ ಬಿಡಿಸಿದವು. ಆ ರಾತ್ರಿ ಊಟಕ್ಕೆ ಕೂತವರು ಥೂ ಥೂ ಎನ್ನುತ್ತಲೇ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಅವಳೇ ಮಾಡಿಟ್ಟುಹೋದ ಪಲ್ಯವನ್ನು ಎರಡನೇ ಸಲ ಬಡಿಸಿಕೊಂಡರು. ನನಗೆ ವಾಂತಿ ಮಾಡಲು ಬರುವಂತಿದ್ದರೆ ಅಂದೇ ಮಾಡಿಬಿಡುತ್ತಿದ್ದೆ.

ಶ್ರಾವಣದಲ್ಲಿ ನಾದಿನಿ ಸುವರ್ಣಾ ಬಂದಳು. ಅಕ್ಕ ಹೊಸ ಅಡುಗೆಯವಳ ಮೇಲೆ ಹೇಗೆ ನಿಗಾ ಇಟ್ಟಿದ್ದೇನೆಂದು ತೋರಿಸಲು ಬೆಳಗಿನ ಚಿತ್ರ ಹಾಕಿದರು. ಅದರಲ್ಲಿದ್ದದ್ದು ಅವರೇ. ಪಾಯಸದ ಸೌಟು ಮೂಗಿನ ತನಕ ಏರಿತು, ಚಿತ್ರ ನಿಂತಿತು, ಆಮೇಲೆ ಸೌಟು ಪಾಯಸದಲ್ಲಿತ್ತು.

“ವೈನಿ, ನೈವೇದ್ಯದ ಪಾಯಸ ನೀವ ಮೊದಲ ನೆಕ್ಕಿದ್ರೇನು?” ಎಂದು ಸುವರ್ಣಾ ನಕ್ಕಳು.

“ಥೂ, ವಾಸನಿ ನೋಡೀನಿ ಅಷ್ಟ.”

ಗಂಡ ಚನ್ನಬಸಪ್ಪ ಚಹಾದ ಕಪ್ಪು ಕೆಳಗಿಟ್ಟರು. “ನಾ ಚಾ ಕಾಸಾಕ ಓವನ್ ಹಚ್ಚಿದಾಗೆಲ್ಲ ವೈಫೈ ಕೆಟ್ಟು ಕ್ಯಾಮೆರಾ ಹಿಂಗ ನಿಂತಬಿಡ್ತೈತಿ. ನೀಲವ್ವನ ಚಿತ್ರ ನಿಂತ ದಿನಾನೂ ಹಚ್ಚಿದ್ದೆ.”

ಅಕ್ಕನ ಪಾದಗಳು ನನ್ನ ಕಡೆ ತಿರುಗಿದವು. “ಈ ಡಬ್ಬಿ ಸುಳ್ಳ ಹೇಳ್ತೈತಿ. ಕಿತ್ತ ಒಗೀರಿ,” ಎಂದರು.

“ಗ್ರೂಪಿನ್ಯಾಗ ಅಕಿ ಸಲುವಾಗಿ ಒಂದ ಮಾತ ಹಾಕು,” ಎಂದರು ಚನ್ನಬಸಪ್ಪ.

“ಹಾಕಿದ್ರ ನನ್ನ ಮಾರಿ ಏನಾಗಬೇಕು?”

ಅವರು ಮತ್ತೆ ಕೇಳಲಿಲ್ಲ. ತಾವೇ ನನ್ನ ವೈರ್ ಕಿತ್ತು, ಅಟ್ಟದಲ್ಲಿ ಒಡೆದ ಮಿಕ್ಸರಿನ ಪಕ್ಕಕ್ಕಿಟ್ಟರು.

ಇಲ್ಲೇ ಮುದಿಯಾಗುತ್ತಿದ್ದೇನೆ. ಮೈಮೇಲೆ ಧೂಳು ಬಿದ್ದಿದೆ, ಜಿರಲೆ ಓಡಾಡುತ್ತದೆ. ಅದಕ್ಕೆಲ್ಲ ಈಗ ಹೇಸಿಗೆಯಾಗುವುದಿಲ್ಲ. ಅಳಿಸುವ ನೆನಪು ಯಾರಿಗೂ ಆಗದ್ದರಿಂದ ನೀಲವ್ವನ ಅಂಗೈಗಳೆಲ್ಲ ನನ್ನೊಳಗೆ ಹಾಗೇ ಇವೆ. ಒಮ್ಮೆ ಕರೆಂಟು ಕೊಟ್ಟು ನೋಡಿದರೆ ಸಾಕು. ಕೆಳಗೆ ಓವನ್ ಟಣ್ ಎನ್ನುತ್ತದೆ. ಚನ್ನಬಸಪ್ಪನವರ ಚಹಾ ಬಿಸಿಯಾಗಿರಬೇಕು. ಅಟ್ಟಕ್ಕೆ ಯಾರೂ ಹತ್ತುವುದಿಲ್ಲ.